ಮೇಷ್ಟ್ರ ಬೈಕಿನ ನಾಲ್ಕು ಸ್ಕ್ರೂ

ಚಿದಾನಂದಯ್ಯ ಮೇಷ್ಟ್ರ ಬೈಕಿನ ನಾಲ್ಕು ಸ್ಕ್ರೂಗಳ ತಲೆ ಕೆಡಿಸಿದವನು ನಾನೇ. ಇದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಊರಿನವರ ಮುಂದೆ ಇದೇ ಮಾತು ಹೇಳಿದಾಗ ಅವರು ಚಪ್ಪಾಳೆ ಹೊಡೆದರು, ಯಾರೋ ಶಿಳ್ಳೆ ಹಾಕಿದರು, ಹಿಂದಿನಿಂದ ಒಬ್ಬರು ‘ಒನ್ಸ್ ಮೋರ್’ ಅಂತ ಕೂಗಿದರು. ನೀವು ಹಾಗೆ ಮಾಡುವುದಿಲ್ಲ ಎಂಬ ನಂಬಿಕೆಯ ಮೇಲೆ ಬರೆಯುತ್ತಿದ್ದೇನೆ.

ನಮ್ಮೂರಲ್ಲಿ ಒಂದು ಸ್ಕ್ರೂವಿನ ತಲೆ ಕೆಟ್ಟರೆ ಇನ್ನೆಲ್ಲೋ ಒಂದು ಸ್ಕ್ರೂ ತಾನಾಗಿ ತಿರುಗಿ, ಕಳಚಿ ಬೀಳುತ್ತದೆ. ಎಲ್ಲಿ, ಯಾರದ್ದು, ಎಷ್ಟು ದೊಡ್ಡದು ಅಂತ ಹೇಳಲು ಬರುವುದಿಲ್ಲ. ಮನುಷ್ಯರ ಕೈ ತಗುಲಿಕೊಂಡಿರುವ ವಸ್ತುವಿನ ತಂಟೆಗೆ ಮಾತ್ರ ಅದು ಬರುವುದಿಲ್ಲ. ಹಾಗಾಗಿ ನಮ್ಮೂರಿನವರು ಮಾತಾಡುವಾಗ ಒಂದು ಬೆರಳನ್ನು ಕನ್ನಡಕದ ಮೇಲೆ ಇಟ್ಟಿರುತ್ತಾರೆ. ಹೊರಗಿನವರು ನೋಡಿ, ಎಂಥ ವಿಚಾರವಂತರ ಊರು ಅಂದುಕೊಂಡು ಹೋಗುತ್ತಾರೆ. ಹೋಟೆಲಿನಲ್ಲಿ ಒಬ್ಬ ಉಣ್ಣುವಾಗ ಎದುರಿನವ ಮೇಜು ಹಿಡಿದಿರುತ್ತಾನೆ, ಆಮೇಲೆ ಅದಲು ಬದಲು. ಕ್ಷೌರದ ಮುನಿವೆಂಕಟನ ಒಂದು ಕೈ ಯಾವಾಗಲೂ ಕುರ್ಚಿಯ ಮೇಲೆ, ಆದ್ದರಿಂದ ನಮ್ಮೂರಿನ ಗಂಡಸರಿಗೆಲ್ಲ ಎಡಗಡೆ ಕೂದಲು ಸ್ವಲ್ಪ ಜಾಸ್ತಿ. ಹೆಣ್ಣು ಕೇಳಲು ಹೋದವರು ‘ಮನೆಯಲ್ಲಿ ಎಷ್ಟು ಜನ’ ಅನ್ನುವುದಿಲ್ಲ, ‘ಎಷ್ಟು ಕೈ’ ಅನ್ನುತ್ತಾರೆ.

ಊರಲ್ಲಿರುವುದು ಇಪ್ಪತ್ತೆಂಟು ಬೈಕು, ಎಲ್ಲವೂ ಜಪಾನಿನವು. ಯಾವ ಕಾಲದಲ್ಲೋ ದಾರಿ ತಪ್ಪಿದ ಲಾರಿಯೊಂದು ಇಲ್ಲಿಗೆ ಬಂದು, ಹಿಂದಕ್ಕೆ ತಿರುಗಿಸಲು ಜಾಗ ಸಾಲದೆ, ಹೊರೆ ಇಳಿಸಿ ಹಗುರವಾಗಿ ಹೋಯಿತಂತೆ. ಆ ಬೈಕುಗಳ ಸ್ಕ್ರೂ ತಲೆಯ ಮೇಲೆ ಕೂಡುವ ಗುರುತಿನ ಹಾಗೊಂದು ಹಳ್ಳ, ಅದರ ಪಕ್ಕದಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕಿ. ಆ ಚುಕ್ಕಿ ದೃಷ್ಟಿಬೊಟ್ಟು ಎಂದು ಊರಿಗೆ ಊರೇ ನಂಬಿತ್ತು. ಅಷ್ಟು ದೂರದ ಜಪಾನಿನವರಿಗೂ ಕಣ್ಣು ಬೀಳುವ ಭಯ ಇದೆಯಲ್ಲ ಅಂತ ನಮಗೆ ಅವರ ಮೇಲೆ ಒಂಥರಾ ಪ್ರೀತಿ. ಶುಕ್ರವಾರ ಹೆಂಗಸರು ಆ ಚುಕ್ಕಿಗೆ ಕಾಡಿಗೆ ಮುಟ್ಟಿಸುತ್ತಿದ್ದರು.

ಈ ಬೈಕುಗಳನ್ನು ಬಿಚ್ಚುವ ಹಕ್ಕು ಇದ್ದದ್ದು ಒಬ್ಬರಿಗೇ, ಮೆಕ್ಯಾನಿಕ್ ಸರ್ವಮಂಗಳಕ್ಕನಿಗೆ. ಐವತ್ತರ ಆಸುಪಾಸು, ದಾರ ಕಟ್ಟಿದ ಕನ್ನಡಕ, ಮೊಣಕೈವರೆಗೆ ಆಯಿಲು. ಅವಳ ಬಳಿ ಮರದ ಹಿಡಿಯ ಮೂರು ಸ್ಕ್ರೂಡ್ರೈವರ್ ಇದ್ದವು. ಹಸುಗೂಸನ್ನು ಸುತ್ತಿದ ಹಾಗೆ ಅವನ್ನು ಹಳೇ ಪಂಚೆಯಲ್ಲಿ ಸುತ್ತಿ ಇಟ್ಟಿರುತ್ತಿದ್ದಳು. ಬೇರೆ ಯಾರೂ ಸ್ಕ್ರೂಡ್ರೈವರ್ ಇಟ್ಟುಕೊಳ್ಳಬಾರದೆಂದು ಸ್ಕ್ರೂಗಳ ಉಸ್ತುವಾರಿಗೆಂದೇ ಊರು ಮಾಡಿಕೊಂಡಿದ್ದ ತಿರುಪು ಸಮಿತಿಯ ಕಟ್ಟಪ್ಪಣೆ. ಯಾರಾದರೂ ಮುಟ್ಟಿ ಏನಾದರೂ ಬಿದ್ದರೆ, ಬಿದ್ದ ಸ್ಕ್ರೂವಿನ ತೂತಿಗೆ ಬೆರಳು ಕೊಟ್ಟು ನಿಲ್ಲಬೇಕು, ಪಟ್ಟಣದಿಂದ ಹೊಸ ಸ್ಕ್ರೂ ಬರುವವರೆಗೆ. ಪಟ್ಟಣದಿಂದ ಸ್ಕ್ರೂ ಬರುವುದು ಆರು ತಿಂಗಳಿಗೊಮ್ಮೆ. ಹಿಂದೊಮ್ಮೆ ನಮ್ಮ ಪೋಸ್ಟ್‌ಮ್ಯಾನ್ ಗಡಿಯಾರ ರಿಪೇರಿ ಮಾಡಲು ಹೋಗಿ, ಐದು ತಿಂಗಳು ಹೋಟೆಲ್ ವಾಮನ ಭಟ್ಟರ ಬಾಗಿಲಿಗೆ ಬೆರಳು ಕೊಟ್ಟು ನಿಂತಿದ್ದ. ಕಾಗದ ಬೇಕಾದವರು ಅಲ್ಲಿಗೇ ಹೋಗಿ ಇಸಿದುಕೊಳ್ಳುತ್ತಿದ್ದರು.

ಇನ್ನು ನಾನು. ಹೆಸರು ಹೊನ್ನೇಶ, ಊರವರ ಬಾಯಲ್ಲಿ ಡೈಲಾಗ್ ಹೊನ್ನೇಶ. ಟೆಂಟ್ ಸಿನಿಮಾಕ್ಕೆ ಬರುವ ಪ್ರತಿ ಚಿತ್ರವನ್ನೂ ಅದು ಹೋಗುವವರೆಗೆ ದಿನಾ ನೋಡಿದ್ದೇನೆ. ಹಾಲು ತರಲು ಹೋದರೂ ನಾನು ಸುಮ್ಮನೆ ಹಾಲು ಕೇಳಿದವನಲ್ಲ. ಬಾಗಿಲಲ್ಲಿ ಕಾಲು ಅಗಲಿಸಿ ನಿಂತು, “ನಾನು ಬರೋವರೆಗೂ ಇದು ಬರೀ ಬೀದಿ, ಬಂದ ಮೇಲೆ ಕ್ಲೈಮ್ಯಾಕ್ಸು!” ಅಂದೇ ಚೊಂಬು ಮುಂದೆ ಹಿಡಿಯುತ್ತಿದ್ದೆ. ಪೋಸ್ಟ್‌ಮ್ಯಾನ್ ಬೆರಳು ಕೊಟ್ಟು ನಿಂತಿದ್ದಾಗ ಅವನ ಮೂಗಿನ ತುದಿಗೆ ಬೆಲ್ಲ ಸವರಿ ಹೋದವನೂ ನಾನೇ. ಒಟ್ಟಿನಲ್ಲಿ ನಾನು ಏನು ಹೇಳಿದರೂ ಊರಿಗೆ ಅದು ಸಿನಿಮಾ, ಏನು ಮಾಡಿದರೂ ಕೀಟಲೆ.

ಚಿದಾನಂದಯ್ಯನವರು ರಿಟೈರಾದ ಡ್ರಾಯಿಂಗ್ ಮೇಷ್ಟ್ರು. ತಿರುಪು ಸಮಿತಿಗೂ ಅವರೇ ಅಧ್ಯಕ್ಷರು, ಊರಿನ ನಾಟಕಕ್ಕೂ ಅವರೇ ನಿರ್ದೇಶಕರು. ಈ ಸಲ ನಾಟಕದಲ್ಲಿ ನನಗೆ ಹೆಣದ ಪಾತ್ರ ಕೊಟ್ಟರು.

“ಮೇಷ್ಟ್ರೇ, ಹೆಣಕ್ಕೆ ಒಂದಾದ್ರೂ ಮಾತು ಕೊಡಿ ಸಾ.”

“ಹೆಣ ಮಾತಾಡಲ್ಲ ಕಣಯ್ಯ.”

“ಫ್ಲ್ಯಾಶ್‌ಬ್ಯಾಕಲ್ಲಿ ಮಾತಾಡುತ್ತೆ.”

“ಫ್ಲ್ಯಾಶ್‌ಬ್ಯಾಕೂ ಬೇಡ, ಏನೂ ಬೇಡ. ಎರಡನೇ ಅಂಕ ಪೂರ್ತಿ ಸುಮ್ನೆ ಮಲಕ್ಕೊ. ಹೊಟ್ಟೆ ಏರಿಳಿಯೋದೂ ಕಾಣಬಾರದು.”

ಅವಮಾನ ಅಂದರೆ ಇದು. ಸೇಡು ಇಲ್ಲದೆ ಇಂಟರ್‌ವಲ್ ಆಗುವಂತಿಲ್ಲ. ನಾಟಕದ ದಿನ ಮೇಷ್ಟ್ರು ಬೈಕಿನಲ್ಲಿ ಠೀವಿಯಿಂದ ಬಂದು ರಂಗದ ಮುಂದೆ ಇಳಿಯುವುದು ವಾಡಿಕೆ. ಆ ಬೈಕಿನ ಪಕ್ಕದ ಡಬ್ಬಿಯೊಳಗೆ, ಅದು ಗಾಳಿ ಎಳೆದುಕೊಳ್ಳುವ ಜಾಗದಲ್ಲಿ ಒಂದು ಪೀಪಿ ಸಿಕ್ಕಿಸಿಬಿಟ್ಟರೆ? ಮೇಷ್ಟ್ರು ಆಕ್ಸಿಲರೇಟರ್ ತಿರುಗಿಸಿದಷ್ಟೂ ಗಾಡಿ ‘ಪೀಂ’ ಅನ್ನಬೇಕು. ಬಲೂನಿನವನಿಂದ ಪೀಪಿ ತಂದೆ. ಡಬ್ಬಿಯ ಮುಚ್ಚಳಕ್ಕೆ ನಾಲ್ಕು ಸ್ಕ್ರೂ. ಬಾಚಣಿಗೆ, ಪಿನ್ನು, ಪ್ಲಾಸ್ಟಿಕ್ ಬುಟ್ಟಿ ಮಾರಲು ಹೊರಗಿನಿಂದ ಬರುವ ಸೈಕಲ್ಲಿನವನ ಹತ್ತಿರ ಹಸಿರು ಹಿಡಿಯ ಒಂದು ಸ್ಟಾರ್ ಸ್ಕ್ರೂಡ್ರೈವರ್ ಸಿಕ್ಕಿತು.

“ಇದು ಬೈಕಿಗೆ ಆಗುತ್ತಾ ಅಣ್ಣಾ?”

“ಸ್ಟಾರ್ ಅಂದ್ರೆ ಸ್ಟಾರೇ ತಮ್ಮಾ. ಬೈಕು, ರೇಡಿಯೋ, ಹೊಲಿಗೆ ಮಿಷನ್ನು, ಎಲ್ಲಕ್ಕೂ ಒಂದೇ.”

ಸ್ಕ್ರೂ ನೋಡಿದೆ, ಕೂಡುವ ಗುರುತು. ಸ್ಕ್ರೂಡ್ರೈವರಿನ ಮೂತಿ ನೋಡಿದೆ, ಅದೂ ಕೂಡುವ ಗುರುತು. ಹೊಂದಿಸಿ ನೋಡುವುದು ಇನ್ನೇನಿದೆ? ಹುಟ್ಟಿದಾಗಿನಿಂದ ಸ್ಕ್ರೂಡ್ರೈವರನ್ನು ಹತ್ತು ಅಡಿ ದೂರದಿಂದ ನೋಡಿದವರು ನಾವು. ಅದರಲ್ಲೂ ಜಾತಿ ಇದೆ ಅಂತ ಯಾರಿಗೆ ಗೊತ್ತು?

ಮಧ್ಯಾಹ್ನ ಮೇಷ್ಟ್ರು ಉಂಡು ಮಲಗುವ ಹೊತ್ತು. ಅವರ ಬೈಕು ಹೊಂಗೆ ಮರದ ನೆರಳಲ್ಲಿ ನಿಂತಿತ್ತು. “ಈ ಕೈಯಲ್ಲಿರೋದು ಆಯುಧ ಅಲ್ಲ ಕಣೋ, ಅಧ್ಯಾಯ!” ಅಂತ ಬೈಕಿಗೆ ಪಿಸುಗುಟ್ಟಿ ಮೊದಲನೇ ಸ್ಕ್ರೂಗೆ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದೆ. ಸ್ಕ್ರೂ ಅಲ್ಲಾಡಲಿಲ್ಲ. ಜೋರು ಹಾಕಿದೆ. ಸ್ಕ್ರೂಡ್ರೈವರ್ ಮೆಟ್ಟಿಲು ಹತ್ತುವ ಹಾಗೆ ಮೇಲಕ್ಕೆ ಹತ್ತಿ ‘ಕರ್ರ್’ ಅಂತ ಹೊರಗೆ ಬಂತು. ಅದೇ ಗಳಿಗೆಗೆ ಎರಡು ಬೀದಿ ಆಚೆ ‘ಧಡಾರ್’ ಅಂತ ಸದ್ದು, ಹಿಂದೆಯೇ ಯಾರದ್ದೋ ಚೀರಾಟ. ಮುನಿವೆಂಕಟ ಬೀಡಿ ಹಚ್ಚಲು ಕುರ್ಚಿಯಿಂದ ಕೈ ತೆಗೆದಿದ್ದನಂತೆ. ಅರ್ಧ ಮೀಸೆ ತೆಗೆಸಿಕೊಂಡಿದ್ದ ಗಿರಾಕಿ ಕುರ್ಚಿಯ ಸಮೇತ ನೆಲಕ್ಕೆ.

ಕಾಕತಾಳೀಯ ಎಂಬ ಪದವನ್ನು ನಮ್ಮೂರ ಶಾಲೆಯಲ್ಲಿ ಕಲಿಸುವುದಿಲ್ಲ. ಆದರೂ ಆ ಗಳಿಗೆಯಲ್ಲಿ ಅದು ನನಗೆ ಹೊಳೆಯಿತು.

ನಾಲ್ಕು ದಿನ ಹೋದೆ. ದಿನಕ್ಕೊಂದು ಸ್ಕ್ರೂ, ಕೆಲವಕ್ಕೆ ಎರಡೆರಡು ಸಲ. ನಾಳೆ ಬರುತ್ತದೆ, ಇನ್ನೊಂದು ಚೂರು ಜೋರು ಹಾಕಿದರೆ ಬರುತ್ತದೆ ಅನ್ನಿಸುತ್ತಿತ್ತು. ಒಟ್ಟು ಏಳು ಸಲ ‘ಕರ್ರ್’. ಭಟ್ಟರ ಹೋಟೆಲಿನಲ್ಲಿ ಲೋಟದ ಹಲಗೆ ಕಳಚಿ ನಲವತ್ತು ಲೋಟ ಬೀದಿಗೆ ಉರುಳಿದವು. ಅಂಚೆ ಡಬ್ಬಿಯ ಬಾಗಿಲು ಬಿದ್ದು ಮೇಕೆಯೊಂದು ಎರಡು ಕಾಗದ ತಿಂದಿತು. ಟೆಂಟಿನ ಸ್ಪೀಕರು ಬಿದ್ದದ್ದು ಹೊಸ ಚಿತ್ರದ ಮೊದಲ ಮ್ಯಾಟಿನಿಯಲ್ಲಿ, ನಾಯಕ ಸಾಯುತ್ತಿರುವ ತಾಯಿಗೆ ಮಾತು ಕೊಡುವ ಹೊತ್ತಿಗೆ ಸರಿಯಾಗಿ. ಏನು ಮಾತು ಕೊಟ್ಟನೋ ಇವತ್ತಿಗೂ ಗೊತ್ತಿಲ್ಲ, ಸ್ಪೀಕರಿಲ್ಲದೆ ತೆರೆಯ ಮೇಲೆ ತುಟಿ ಮಾತ್ರ ಅಲ್ಲಾಡಿತು. ಜನ ಕನ್ನಡಕಕ್ಕೆ ಒಂದರ ಬದಲು ಎರಡು ಬೆರಳು ಇಡತೊಡಗಿದರು.

ಐದನೇ ದಿನ ಮೇಷ್ಟ್ರು ತಮ್ಮ ಬೈಕಿನ ನಾಲ್ಕು ಸ್ಕ್ರೂಗಳನ್ನು ನೋಡಿಬಿಟ್ಟರು. ನಾಯಿ ಕಚ್ಚಿದ ಹಾಗಿದ್ದವು. ಒಂದರ ಮೇಲಂತೂ ಹಳ್ಳವೆಲ್ಲ ಸವೆದು ಗುಂಡಗಿನ ಬಟ್ಟಲಾಗಿತ್ತು. ಸಂಜೆಗೇ ಸಮಿತಿ ಸೇರಿತು, ಸರ್ವಮಂಗಳಕ್ಕನನ್ನು ಕರೆಸಿದರು.

“ಮಂಗಳಮ್ಮ, ಹೋದ ಸೋಮವಾರ ನನ್ನ ಗಾಡಿ ಬಿಚ್ಚಿದ್ದು ಯಾರು?”

“ನಾನೇ ಮೇಷ್ಟ್ರೇ.”

“ಊರಲ್ಲಿ ಸ್ಕ್ರೂಡ್ರೈವರ್ ಇರೋದು ಯಾರ ಹತ್ರ?”

“ನನ್ನ ಹತ್ರ.”

“ಮತ್ತೆ ಇನ್ನೇನಮ್ಮ ಉಳೀತು?”

ಮುನಿವೆಂಕಟ ಎದ್ದು ನಿಂತ. “ಅಕ್ಕನಿಗೆ ವಯಸ್ಸಾತು ಮೇಷ್ಟ್ರೇ. ಕೈ ನಡುಗ್ತಾ ಐತೆ. ನನ್ನ ಕುರ್ಚಿ ನೋಡಿ, ಈಗ ಗಿರಾಕಿನ ಗೋಡೆಗೆ ಒರಗಿಸಿ ಬೋಳಿಸ್ತಾ ಇದೀನಿ.”

“ನಿನ್ನ ಬಾಯಿ ನಡುಗಲಿಲ್ವಲ್ಲ ಇದನ್ನ ಹೇಳೋಕೆ,” ಅಂದಳು ಮಂಗಳಕ್ಕ.

ಸಮಿತಿ ತೀರ್ಮಾನಿಸಿತು. ಭಾನುವಾರ ಬೆಳಿಗ್ಗೆ ಹೊಂಗೆ ಮರದ ಕೆಳಗೆ, ಊರವರ ಎದುರು, ಮಂಗಳಕ್ಕ ಆ ನಾಲ್ಕೂ ಸ್ಕ್ರೂ ಬಿಚ್ಚಬೇಕು. ಊರಲ್ಲಿ ಒಂದೇ ಒಂದು ವಸ್ತು ಬಿದ್ದರೂ ಅವಳ ಮೂರು ಸ್ಕ್ರೂಡ್ರೈವರ್ ಬಾವಿಗೆ. ಮಂಗಳಕ್ಕ ಬಗ್ಗಿ ಆ ಸ್ಕ್ರೂಗಳನ್ನು ನೋಡಿದಳು, ಉಗುರಿನಿಂದ ಕೆರೆದಳು, ಆಮೇಲೆ ತಲೆ ಎತ್ತಿ ಗುಂಪನ್ನು ನೋಡಿದಳು. ಅವಳ ಕಣ್ಣು ಎಲ್ಲರ ಮೇಲೂ ಹಾದು ನನ್ನ ಹತ್ತಿರ ಬಂದು ನಿಂತಿತು. ನಾನು ಮರದ ಎಲೆ ಎಣಿಸತೊಡಗಿದೆ.

ಅಲ್ಲಿಂದ ಅವಳ ಅಂಗಡಿಗೆ ಹೋದೆ. ಯಾಕೆ ಹೋದೆನೋ ಕಾಲುಗಳನ್ನೇ ಕೇಳಬೇಕು. ಅವಳು ಟೀ ಕುಡಿಯುತ್ತಿದ್ದಳು.

“ತೆಗಿ,” ಅಂದಳು.

“ಏನಕ್ಕಾ?”

“ಜೇಬಲ್ಲಿರೋದು.”

ಪೀಪಿ ತೆಗೆದುಕೊಟ್ಟೆ. ಅವಳು ಅದನ್ನು ಮೇಜಿನ ಮೇಲಿಟ್ಟು ಮತ್ತೆ ಕೈ ಚಾಚಿದಳು. ಸ್ಕ್ರೂಡ್ರೈವರ್ ಕೊಟ್ಟೆ.

“ನಿಂಗೆ ಹೆಂಗೆ ಗೊತ್ತಾಯ್ತು?”

“ನಾಕು ದಿನದಿಂದ ಊರಲ್ಲಿ ಒಂದು ಡೈಲಾಗ್ ಇಲ್ಲ. ಒಂದೋ ನೀನು ಸತ್ತಿರಬೇಕು, ಇಲ್ಲಾ ಏನೋ ಮಾಡಿರಬೇಕು ಅಂದ್ಕೊಂಡೆ.” ಅವಳು ನನ್ನ ಹಸಿರು ಹಿಡಿಯದ್ದನ್ನೂ ತನ್ನ ಮರದ ಹಿಡಿಯದ್ದನ್ನೂ ಬೆಳಕಿಗೆ ಜೊತೆಯಾಗಿ ಹಿಡಿದಳು. “ನೋಡು. ನಿಂದು ಚೂಪು ಮೂತಿ. ಹೋಗಿ ತಳಕ್ಕೆ ತಗಲುತ್ತೆ, ಪಕ್ಕದ ಗೋಡೆ ಹಿಡಿಯಲ್ಲ. ನೀನು ಜೋರು ಕೊಟ್ಟಷ್ಟೂ ಮೇಲಕ್ಕೆ ಹತ್ತುತ್ತೆ. ನಂದು ನೋಡು, ಮೊಂಡು ಮೂತಿ. ಒಳಗೆ ಪೂರ್ತಿ ಕೂತ್ಕೊಂತದೆ. ಜಪಾನಿ ಸ್ಕ್ರೂಗೆ ಇದೇ ಬೇಕು.”

“ಎರಡೂ ಒಂದೇ ಥರ ಕಾಣ್ತವಲ್ಲಕ್ಕ?”

“ನೀನೂ ಹೀರೋ ಥರಾನೇ ಕಾಣ್ತೀಯ, ಕನ್ನಡಿ ಮುಂದೆ ನಿಂತಾಗ.” ಲೋಟ ಕೆಳಗಿಟ್ಟಳು. “ಆ ಚುಕ್ಕಿ ನೋಡಿದ್ದೀಯಲ್ಲ? ದೃಷ್ಟಿಬೊಟ್ಟು ಅಲ್ಲ ಕಣೋ ಅದು. ಈ ಸ್ಕ್ರೂ ಬೇರೆ ಜಾತಿ, ಸರಿಯಾದ ಸ್ಕ್ರೂಡ್ರೈವರ್ ತಗೊಂಬಾ ಅಂತ ಅವರು ಹಾಕಿರೋ ಗುರ್ತು.”

“ಅಯ್ಯೋ! ಊರವರಿಗೆ ಯಾಕೆ ಹೇಳಿಲ್ಲ ನೀನು?”

“ಯಾಕೆ ಹೇಳ್ಲಿ? ಶುಕ್ರವಾರ ಶುಕ್ರವಾರ ಎಲ್ಲಾರೂ ಎಣ್ಣೆಕಾಡಿಗೆ ಮುಟ್ಟಿಸ್ತಾರೆ. ಒಂದು ಸ್ಕ್ರೂನೂ ತುಕ್ಕು ಹಿಡಿದಿಲ್ಲ.”

“ನಾನೇ ಅಂತ ಮೇಷ್ಟ್ರಿಗೆ ಹೇಳಿಬಿಡಕ್ಕ.”

“ನಾನ್ಯಾಕೆ ಹೇಳ್ಲಿ? ಊರಿಗೆಲ್ಲಾ ಸಾಲುವಷ್ಟು ಬಾಯಿ ನಿಂಗೇ ಐತೆ.”

“ಏಳು ಕಡೆ ಬೆರಳು ಕೊಟ್ಟು ನಿಲ್ಲಬೇಕಾಗುತ್ತಕ್ಕ!”

“ಹತ್ತು ಬೆರಳಿದಾವಲ್ಲ.” ಅವಳು ಮೂರು ಸ್ಕ್ರೂಡ್ರೈವರನ್ನು ಪಂಚೆಯಲ್ಲಿ ಸುತ್ತತೊಡಗಿದಳು. ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. “ಇವು ಬಾವಿಗೆ ಹೋದ್ರೆ ನಾನೇನು ಮಾಡ್ಲಿ ಹೇಳು? ಮೂವತ್ತು ವರ್ಷ ಇವನ್ನ ಬಿಟ್ಟು ಇನ್ನೇನೂ ಹಿಡಿದಿಲ್ಲ ಈ ಕೈ. ಮೇಷ್ಟ್ರ ನಾಟಕದಲ್ಲಿ ಹೆಣ ಆಗ್ಲಾ?”

ಇಂಥ ಹೊತ್ತಿಗೆ ಹೊಡೆಯಬಹುದಾದ ಹದಿನೇಳು ಡೈಲಾಗ್ ನನಗೆ ಬರುತ್ತವೆ. ಅಷ್ಟನ್ನೂ ಬಿಟ್ಟು ಅವಳ ಖಾಲಿ ಲೋಟ ತೊಳೆದಿಟ್ಟೆ. ಸ್ಕ್ರೂಡ್ರೈವರನ್ನೂ ಪೀಪಿಯನ್ನೂ ಅವಳು ವಾಪಸ್ ಕೊಟ್ಟಳು. “ನಿಂದು ನೀನೇ ಇಟ್ಕೊ. ನನ್ನ ಅಂಗಡೀಲಿ ಇಂಥದು ಸಿಕ್ಕಿದ್ರೆ ಮರ್ಯಾದೆ ಹೋಗುತ್ತೆ,” ಅಂದಳು.

ಭಾನುವಾರ ಬೆಳಿಗ್ಗೆ ಊರು ಕೈ ಇಟ್ಟಿತು. ಅಂಥದ್ದನ್ನು ನಾನು ಯಾವ ಸಿನಿಮಾದಲ್ಲೂ ನೋಡಿರಲಿಲ್ಲ. ಪ್ರತಿ ಮನೆಯಲ್ಲೂ ಒಬ್ಬಿಬ್ಬರು ಉಳಿದು, ಸ್ಕ್ರೂ ಇರುವುದನ್ನೆಲ್ಲ ಒಂದು ಕಡೆ ರಾಶಿ ಹಾಕಿ ತಬ್ಬಿಕೊಂಡು ಕೂತರು. ವಾಮನ ಭಟ್ಟರು ಹಗ್ಗದಲ್ಲಿ ಕಟ್ಟಿದ್ದ ಹಲಗೆಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ, ಯಾರೋ ಗುರಿ ಇಟ್ಟ ಹಾಗೆ ನಿಂತಿದ್ದರು. ಮುನಿವೆಂಕಟ ಹಗ್ಗ ಬಿಗಿದ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಮರದ ಕೆಳಗೇ ಬಂದ. ಇಪ್ಪತ್ತೇಳು ಬೈಕುಗಳ ಮೇಲೆ ಇಪ್ಪತ್ತೇಳು ಜನ ಮಕಾಡೆ ಮಲಗಿದ್ದರು. ನಮ್ಮ ಮನೆಯಲ್ಲಿ ಅವ್ವ ಸ್ಟೂಲು ಹತ್ತಿ ಎರಡೂ ಕೈಯಲ್ಲಿ ಫ್ಯಾನಿನ ಕಂಬಿ ಹಿಡಿದುಕೊಂಡಳು.

“ಲೋ ಹೊನ್ನ, ಇದ್ರಲ್ಲಿ ನಿಂದೇನೂ ಇಲ್ವಲ್ಲ?” ಅಂದಳು ಮೇಲಿನಿಂದ.

“ತಾಯಿಯ ಕಣ್ಣಲ್ಲಿ ಮಗ ಯಾವತ್ತಿದ್ರೂ ನಿರಪರಾಧಿ!” ಅಂದೆ.

“ಕೇಳಿದ್ದಕ್ಕೆ ನೆಟ್ಟಗೆ ಹೇಳಲ್ಲ,” ಅಂತ ಅವಳು ಕಂಬಿಯ ಕಡೆಗೆ ತಿರುಗಿದಳು.

ಮರದ ಕೆಳಗೆ ಮೇಷ್ಟ್ರು ಒಂದು ಕೈ ಕನ್ನಡಕಕ್ಕೆ, ಇನ್ನೊಂದು ಕೈ ಕೂತ ಕುರ್ಚಿಗೆ ಕೊಟ್ಟಿದ್ದರು. ಅವರ ಬೈಕು ನಡುವೆ ಒಂಟಿಯಾಗಿ ನಿಂತಿತ್ತು. ಮಂಗಳಕ್ಕ ಪಂಚೆ ಬಿಚ್ಚಿ ಕೂತಳು. ಮೊದಲು ಸಣ್ಣ ಸುತ್ತಿಗೆಯಿಂದ ಸ್ಕ್ರೂ ತಲೆಯ ಸುತ್ತ ಮೆತ್ತಗೆ ತಟ್ಟಿ, ನಾನು ಅಗಲ ಮಾಡಿದ್ದ ಹಳ್ಳವನ್ನು ಆದಷ್ಟು ಒಳಕ್ಕೆ ತಂದಳು. ಸ್ಕ್ರೂಡ್ರೈವರಿನ ಮೊಂಡು ಮೂತಿಗೆ ಮರಳಿನಂಥ ಒಂದು ಪೇಸ್ಟ್ ಹಚ್ಚಿದಳು, ಜಾರದಿರಲಿ ಅಂತ. ಅದನ್ನು ಹಳ್ಳದಲ್ಲಿ ಕೂರಿಸಿ ಹಿಡಿಯ ತಲೆಗೆ ಒಂದೇ ಪೆಟ್ಟು. ಆಮೇಲೆ ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿ ಕಾಣಿಸದಷ್ಟು ತಿರುಗಿಸಿದಳು. ‘ಟಿಕ್’. ಸ್ಕ್ರೂ ಬಿಟ್ಟುಕೊಟ್ಟಿತು. ನಾನು ನಾಲ್ಕು ದಿನ ತಿರುಗಿಸುವುದಕ್ಕೆ ಒದ್ದಾಡಿದ್ದೆ. ಅವಳು ಒತ್ತುತ್ತಿದ್ದಳು, ತಿರುಗಿಸುವುದು ಅದರ ಹಿಂದೆ ತಾನಾಗಿ ಬರುತ್ತಿತ್ತು.

ಎರಡನೆಯದೂ ಬಂತು. ಮೂರನೆಯದಕ್ಕೆ ಎರಡು ಪೆಟ್ಟು ಬೇಕಾಯಿತು, ಅದೂ ಬಂತು. ಊರಲ್ಲಿ ಎಲ್ಲೂ ಸದ್ದಿಲ್ಲ. ನಾಲ್ಕನೆಯದು ಆ ಬಟ್ಟಲಿನದು. ಮಂಗಳಕ್ಕ ಸ್ಕ್ರೂಡ್ರೈವರ್ ಇಟ್ಟಳು, ತೆಗೆದಳು. ತಟ್ಟಿದಳು, ಮತ್ತೆ ಇಟ್ಟಳು, ಮತ್ತೆ ತೆಗೆದಳು. ಕೊನೆಗೆ ಎದ್ದು ನಿಂತಳು.

“ಇದು ಜಾರುತ್ತೆ ಮೇಷ್ಟ್ರೇ. ಹಿಡಿಯೋಕೆ ಗೋಡೆನೇ ಇಲ್ಲ. ಇದನ್ನ ಕೊರೆದು ತೆಗೀಬೇಕು, ಪಟ್ಟಣದಿಂದ ಡ್ರಿಲ್ಲು ತರಿಸಿ.”

“ನಾಲ್ಕು ಅಂದ್ರೆ ನಾಲ್ಕು ಮಂ​ಗಳಮ್ಮ. ಸಮಿತಿ ಬರೆದುಕೊಟ್ಟಿದೆ.”

“ಜಾರುತ್ತೆ ಅಂತ ಗೊತ್ತಿದ್ದೂ ತಿರುಗಿಸು ಅಂತೀರಾ?”

“ಆಗಲ್ಲ ಅಂದ್ರೆ ಪಂಚೆ ಸಮೇತ ಇಲ್ಲಿ ಕೊಡು.”

ಮಂಗಳಕ್ಕ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಎಲೆ ಎಣಿಸುತ್ತಿದ್ದೆನೇನೋ. ಅವಳು ಬಗ್ಗಿ ಮೂರು ಸ್ಕ್ರೂಡ್ರೈವರನ್ನೂ ಒಂದೊಂದಾಗಿ ಸೆರಗಿನಿಂದ ಒರೆಸಿದಳು. ಬಾವಿಗೆ ಹೋಗುವುದನ್ನು ಯಾರಾದರೂ ಒರೆಸುತ್ತಾರಾ? ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮುಂದೆ ಬಂದೆ.

“ಮೇಷ್ಟ್ರೇ, ಆ ಸ್ಕ್ರೂ ಕೆಡಿಸಿದ್ದು ನಾನು. ಮಂಗಳಕ್ಕ ಅಲ್ಲ.”

ಎಲ್ಲರೂ ಮುಂದಿನ ಸಾಲಿಗಾಗಿ ಕಾಯುತ್ತಿದ್ದರು. ಮುಂದಿನ ಸಾಲು ಇರಲಿಲ್ಲ. ಆಗ ಮುನಿವೆಂಕಟ ಕುರ್ಚಿಯ ಕೆಳಗಿನಿಂದ, “ಆಹಾ, ಏನು ತ್ಯಾಗ! ಯಾವ ಪಿಚ್ಚರ್‌ದೋ ಇದು?” ಅಂದ. ಶಿಳ್ಳೆ ಬಿತ್ತು. ಕೈ ಖಾಲಿ ಇದ್ದವರು ಚಪ್ಪಾಳೆ ಹೊಡೆದರು, ಇಲ್ಲದವರು ಕಾಲು ಬಡಿದರು.

“ಪಿಚ್ಚರ್ ಅಲ್ಲ ಕಣಣ್ಣ, ನಿಜ! ಮಂಗಳವಾರ ಮಧ್ಯಾಹ್ನ ನಿನ್ನ ಕುರ್ಚಿ, ಬುಧವಾರ ಭಟ್ಟರ ಹಲಗೆ, ಆಮೇಲೆ ಅಂಚೆ ಡಬ್ಬಿ...”

“ನೋಡ್ರಪ್ಪ, ಪಟ್ಟಿ ಪೂರ್ತಿ ಬಾಯಿಪಾಠ ಮಾಡವ್ನೆ!”

“ಒನ್ಸ್ ಮೋರ್!”

ಮೇಷ್ಟ್ರು ಕೈ ಎತ್ತಲಾರದೆ ಗದ್ದ ಎತ್ತಿ ಗದರಿದರು. “ಹೊನ್ನೇಶ, ಪಾತ್ರ ಸಿಗಲಿಲ್ಲ ಅಂತ ಇಲ್ಲಿ ಆಡಬೇಡ. ಹೋಗು ಆಚೆ.”

ನಾನು ಜೇಬಿನಿಂದ ಹಸಿರು ಹಿಡಿಯ ಸ್ಕ್ರೂಡ್ರೈವರ್ ತೆಗೆದೆ. ನಗು ನಿಂತಿತು. ಬಾಯಲ್ಲಿ ಹೇಳಿದರೆ ಇವರು ನಂಬುವುದಿಲ್ಲ. ಮಂಗಳಕ್ಕ ಕೈ ಅಡ್ಡ ತರುವುದರೊಳಗೆ ನಾಲ್ಕನೇ ಸ್ಕ್ರೂಗೆ ಅದನ್ನು ಇಟ್ಟು ನನ್ನ ಶಕ್ತಿಯನ್ನೆಲ್ಲ ಹಾಕಿ ತಿರುಗಿಸಿದೆ. ‘ಕರ್ರ್’ ಅಂದಿತು, ಊರೆಲ್ಲ ನಾಲ್ಕು ದಿನದಿಂದ ಹುಡುಕುತ್ತಿದ್ದ ಸದ್ದು. ಸ್ಕ್ರೂಡ್ರೈವರ್ ಕೈ ಜಾರಿ ಮಣ್ಣಿಗೆ ಬಿತ್ತು.

ಎಲ್ಲರೂ ಕಿವಿಯಾದರು. ಎಲ್ಲಿ ಬೀಳುತ್ತದೆ? ಭಟ್ಟರ ಕಡೆಯಿಂದ ಸದ್ದಿಲ್ಲ. ಟೆಂಟಿನ ಕಡೆಯಿಂದ ಇಲ್ಲ. ಮುನಿವೆಂಕಟ ತಲೆಯ ಮೇಲಿನ ಕುರ್ಚಿಯನ್ನು ಇನ್ನೂ ಬಿಗಿಯಾಗಿ ಹಿಡಿದ. ಯಾರೋ ಕೆಮ್ಮಲು ಹೋಗಿ ನುಂಗಿಕೊಂಡರು. ಆಮೇಲೆ ಮೇಷ್ಟ್ರ ಬೈಕಿನಿಂದಲೇ ಒಂದು ಸಣ್ಣ ಕಿರುಗುಟ್ಟುವಿಕೆ ಕೇಳಿಸಿತು. ತಲೆ ಕೆಟ್ಟ ನಾಲ್ಕನೇ ಸ್ಕ್ರೂ ತಾನಾಗಿ ಅರ್ಧ ಸುತ್ತು ತಿರುಗಿತು. ಒಂದು ಸುತ್ತು. ಎರಡು. ನಿಧಾನವಾಗಿ, ಪೂರ್ತಿ ಮರ್ಯಾದೆಯಿಂದ ಹೊರಬಂದು ಮೇಷ್ಟ್ರ ಚಪ್ಪಲಿಯ ಹತ್ತಿರ ಉರುಳಿ ನಿಂತಿತು. ಹಿಂದೆಯೇ ಮುಚ್ಚಳ ಕಳಚಿ ಬಿತ್ತು.

ಆ ಹೊತ್ತಿನಲ್ಲಿ ಊರಿನ ಎಲ್ಲ ವಸ್ತುವಿನ ಮೇಲೂ ಯಾರದ್ದೋ ಕೈ ಇತ್ತು. ಕೈ ಇಲ್ಲದೆ ಉಳಿದಿದ್ದದ್ದು ಮೇಷ್ಟ್ರ ಬೈಕೊಂದೇ.

ಮೇಷ್ಟ್ರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವರ ಮುಖದಲ್ಲಿ ಒಂದು ಯೋಜನೆ ಮೂಡಿತು. “ಅಲ್ಲಾ, ಹಿಂಗೂ ಬಿಚ್ಚಬಹುದಲ್ಲ! ಬೇಕಾದಾಗ ಗಂಟೆ ಹೊಡೆಯೋದು, ಎಲ್ಲಾರೂ ಕೈ ಇಡೋದು, ಯಾವುದೋ ಒಂದು ಸ್ಕ್ರೂಡ್ರೈವರಲ್ಲಿ ಕೆಡಿಸೋದು. ತಾನಾಗೇ ಬರುತ್ತೆ.”

“ಮೇಷ್ಟ್ರೇ,” ಅಂದಳು ಮಂಗಳಕ್ಕ, “ಇಡೀ ಊರು ಫ್ಯಾನು ಬಾಗಿಲು ತಬ್ಬಿಕೊಂಡು ನಿಲ್ಲೋದು ಸುಲಭನೋ, ಒಬ್ಬಳು ಸರಿಯಾದ ಸ್ಕ್ರೂಡ್ರೈವರ್ ಹಿಡಿಯೋದು ಸುಲಭನೋ?”

ಸಮಿತಿಯವರು ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡು, ಮರದ ಆಚೆ ಬದಿಗೆ ಹೋಗಿ ಚರ್ಚೆ ಮಾಡಿದರು. ಕಾಲು ಗಂಟೆ ಆಯಿತು. ಎರಡು ಮತಗಳ ಅಂತರದಲ್ಲಿ ಮಂಗಳಕ್ಕ ಗೆದ್ದಳು. ಅವಳು ಮೂರನ್ನೂ ಪಂಚೆಯಲ್ಲಿ ಸುತ್ತಿದಳು. ಗಂಟು ಹಾಕುವಾಗ ಮಾತ್ರ ಅವಳ ಕೈ ಸ್ವಲ್ಪ ನಡುಗಿತು. ಮುನಿವೆಂಕಟ ಅದನ್ನು ನೋಡಿದ. ಈ ಸಲ ಬಾಯಿ ಬಿಡಲಿಲ್ಲ.

“ನೀನು ಬಾ ಇಲ್ಲಿ,” ಅಂದರು ಮೇಷ್ಟ್ರು. “ಏನಕ್ಕೆ ಬಿಚ್ಚೋಕೆ ಹೋದೆ?”

ಪೀಪಿ ತೆಗೆದು ಕೊಟ್ಟೆ. ಎಲ್ಲಿ ಸಿಕ್ಕಿಸಬೇಕೆಂದಿದ್ದೆ ಅಂತಲೂ ತೋರಿಸಿದೆ. ಮೇಷ್ಟ್ರು ಅದನ್ನು ಹಿಂದೆ ಮುಂದೆ ತಿರುಗಿಸಿ, ಯಾರೂ ನೋಡುತ್ತಿಲ್ಲ ಅನ್ನುವ ಹಾಗೆ ಒಂದು ಸಲ ಊದಿ, ಜೇಬಿಗೆ ಹಾಕಿಕೊಂಡರು. “ಹೆಣದ ಪಾತ್ರವೂ ಇಲ್ಲ ನಿನಗೆ. ಬಿದ್ದಿರೋದು ಏಳು, ವಾರಕ್ಕೆ ದಿನ ಏಳು. ದಿನಕ್ಕೊಂದು ತೂತಿಗೆ ಬೆರಳು. ನಾಳೆಯಿಂದ ಶುರು. ಈಗ ಮನೆಮನೆಗೆ ಹೋಗಿ, ಎಲ್ಲಾ ಮುಗೀತು, ಕೈ ಬಿಡಿ ಅಂತ ಹೇಳಿ ಬಾ.”

ಬೆರಳು ಕೊಡುವುದು ಕಷ್ಟವಾಗುತ್ತದೆ ಅಂತ ಗೊತ್ತಿತ್ತು. ಈ ಕೆಲಸ ಅದಕ್ಕಿಂತ ಕಷ್ಟ ಅಂತ ಮೊದಲನೇ ಮನೆಯಲ್ಲೇ ಗೊತ್ತಾಯಿತು.

“ಭಟ್ರೇ, ಮುಗೀತು. ಕೈ ಬಿಡಿ.”

“ಹೋಗೋ ಹೋಗು. ನಾನು ಕೈ ಬಿಡೋದು, ಲೋಟ ಬೀಳೋದು, ನೀನು ನಗೋದು.”

“ಆಣೆಗೂ ನಿಜ ಭಟ್ರೇ.”

“ಹೋದ ವರ್ಷ ಹೋಟೆಲಿಗೆ ಬೆಂಕಿ ಬಿದ್ದಿದೆ ಅಂದಾಗಲೂ ಆಣೆ ಹಾಕಿದ್ದೆ.”

ಬೈಕುಗಳ ಮೇಲೆ ಮಲಗಿದ್ದ ಇಪ್ಪತ್ತೇಳು ಜನರಲ್ಲಿ ಒಬ್ಬರೂ ಏಳಲಿಲ್ಲ. ಒಬ್ಬಳು ಅಜ್ಜಿ ಟ್ರಂಕನ್ನು ತಬ್ಬಿಕೊಂಡೇ ನನಗೆ ಉಗಿದಳು. ಬಿಸಿಲೇರಿತು. ಯಾರ ಮನೆಯಲ್ಲೂ ಒಲೆ ಹಚ್ಚಿರಲಿಲ್ಲ, ಹಚ್ಚಲು ಕೈ ಇರಲಿಲ್ಲ. ನಾನು ಬೀದಿ ಬೀದಿ ತಿರುಗಿ, ಜೀವನದಲ್ಲಿ ಮೊದಲ ಸಲ ನಿಜವನ್ನೇ ನಲವತ್ತು ಸಲ ಹೇಳಿ, ಗಂಟಲು ಒಣಗಿ ಮನೆಗೆ ಬಂದೆ.

ಅವ್ವ ಸ್ಟೂಲಿನ ಮೇಲೆ ಹಾಗೇ ಇದ್ದಳು. ತೋಳು ಸೋತು, ಹಣೆಯನ್ನು ಕಂಬಿಗೆ ಆನಿಸಿದ್ದಳು.

“ಅವ್ವಾ, ಬಿಡು. ಮುಗೀತು.”

ಅವಳು ಕೆಳಗೆ ನೋಡಿದಳು. “ಮಂಗಳನ ಸ್ಕ್ರೂಡ್ರೈವರ್?”

“ಅವಳ ಹತ್ರಾನೇ ಇದಾವೆ.”

“ಕೆಡಿಸಿದ್ದು ಯಾರಂತೆ?”

“ನಾನೇ.”

ಅವಳು ನಗಲಿಲ್ಲ, ಬೈಯಲೂ ಇಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು, ಪರದೆ ಹರಿದಾಗ ಹಿಂದೆ ಏನಿದೆ ಅಂತ ಇಣುಕುವವರ ಹಾಗೆ.

“ಈಗ ನಾನು ಕೈ ಬಿಟ್ರೆ ಏನೂ ಬೀಳಲ್ವಾ?”

“ಬೀಳಲ್ಲ ಅವ್ವ.”

“ಹಂಗಾದ್ರೆ ಬಾ,” ಅಂದಳು. “ಬಂದು ಫ್ಯಾನಿನ ಕೆಳಗೆ ನಿಂತ್ಕೊ.”

ಹೋಗಿ ನಿಂತೆ. ಮೇಲೆ ನೋಡಬೇಕು ಅನ್ನಿಸಿತು, ನೋಡಲಿಲ್ಲ. ಬಾಗಿಲಲ್ಲಿ ಪಕ್ಕದ ಮನೆಯವರು ತಮ್ಮ ರೇಡಿಯೋ ತಬ್ಬಿಕೊಂಡೇ ಬಂದು ನಿಂತರು. ಅವ್ವ ಮೊದಲು ಕಿರುಬೆರಳು ಬಿಟ್ಟಳು.